ಬಲ ಎಂದರೆ ಬಂದವರು

ಸಿಸ್ಟರಕ್ಕ ಪಕ್ಕಕ್ಕೆ ನೋಡಬೇಕಾದರೆ ಕಣ್ಣು ಹೊರಳಿಸುತ್ತಿರಲಿಲ್ಲ, ಕುತ್ತಿಗೆಯನ್ನೇ ತಿರುಗಿಸುತ್ತಿದ್ದರು. ಅಂಗಳದ ಕೋಳಿಯ ಹಾಗೆ ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ನಿಧಾನವಾಗಿ. ಮೊಣಕಾಲ ಕೆಳಗೆ ಒಂದಲ್ಲ ಒಂದು ನೀಲಿ ಗಾಯ ಇದ್ದೇ ಇರುತ್ತಿತ್ತು. ಮೇಜಿನ ಮೂಲೆ, ಮೆಟ್ಟಿಲಿನ ಅಂಚು, ಯಾರೋ ಬಾಗಿಲ ಹತ್ತಿರ ಬಿಟ್ಟು ಹೋದ ನೀರಿನ ಕ್ಯಾನು, ಎಲ್ಲವೂ ಅವರ ಕಾಲಿಗೇ ಕಾದು ಕುಳಿತಂತೆ ತಾಗುತ್ತಿದ್ದವು. ಮೊದಮೊದಲು ನಾನು ಇವರದು ದೊಡ್ಡ ಗತ್ತು ಎಂದುಕೊಂಡಿದ್ದೆ. ಲಿಫ್ಟಿನಲ್ಲಿ ಪಕ್ಕದಲ್ಲೇ ನಿಂತು ನಕ್ಕರೂ ಹೆಂಗಸು ಗಮನಿಸುವುದಿಲ್ಲವಲ್ಲ!

ರಿಯಾದಿನ ಮಲಾಜ್‌ನಲ್ಲಿ ನಮ್ಮದು ಎರಡನೇ ಮಾಳಿಗೆ, ಅವರದು ಮೂರನೇದು. ನಾವು ಭಟ್ಕಳದ ನವಾಯತರು, ನನ್ನ ಗಂಡನಿಗೆ ಇಲ್ಲಿ ಅತ್ತರಿನ ಅಂಗಡಿ. ಅವರು ಮುಲ್ಕಿ ಕಡೆಯ ತುಳು ಮಾತಿನ ಕ್ರಿಶ್ಚಿಯನ್ ಮನೆತನದವರು, ಮದುವೆಯಾಗದವರು, ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದರು. ನನ್ನ ಮನೆಮಾತು ಅವರಿಗೆ ಬಾರದು, ಅವರದು ನನಗೆ ಬಾರದು. ನಮ್ಮಿಬ್ಬರ ನಡುವೆ ಇದ್ದದ್ದು ಶಾಲೆಯಲ್ಲಿ ಕಲಿತ ಕನ್ನಡ ಒಂದೇ.

ನನ್ನ ವಿಷಯವನ್ನೂ ಹೇಳಿಬಿಡಬೇಕು. ನಾನು ಹುಟ್ಟು ಪುಕ್ಕಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವ ಜಾತಿ. ಇಲ್ಲಿಗೆ ಬಂದ ಹೊಸತರಲ್ಲಿ ಅಂಗಡಿಯ ಎದುರು ರಸ್ತೆ ದಾಟುತ್ತಿದ್ದ ಮನುಷ್ಯನೊಬ್ಬನನ್ನು ಕಾರು ಎತ್ತಿ ಒಗೆದದ್ದನ್ನು ಕಣ್ಣಾರೆ ಕಂಡೆ. ಅವನ ಒಂದು ಚಪ್ಪಲಿ ನಮ್ಮ ಅಂಗಡಿಯ ಮೆಟ್ಟಿಲ ತನಕ ಬಂದು ಬಿತ್ತು. ಆ ಮೇಲೆ ಈ ಊರಿನ ರಸ್ತೆ ದಾಟಬೇಕಾದರೆ ನಾನು ಮೂರು ಸಲ ಮುಂದೆ ಹೋಗಿ ಮೂರು ಸಲ ಹಿಂದೆ ಬರುತ್ತಿದ್ದೆ. ನಮ್ಮವರು ತಮಾಷೆ ಮಾಡುತ್ತಿದ್ದರು: "ನಿನಗೆ ರಸ್ತೆ ದಾಟೋದಕ್ಕೂ ವೀಸಾ ಬೇಕು."

ಒಂದು ದಿನ ಸಿಸ್ಟರಕ್ಕ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ ಇದ್ದಕ್ಕಿದ್ದಂತೆ, "ನಿನಗೆ ಸೈಕಲ್ ಬರ್ತದಾ?" ಎಂದರು. ಚಿಕ್ಕವಳಿದ್ದಾಗ ಅಜ್ಜನ ಮನೆಯ ಕಾಂಪೌಂಡಿನೊಳಗೆ ಕಲಿತಿದ್ದೆ ಎಂದೆ.

"ಬೇಕಾದಷ್ಟಾಯ್ತು. ನನ್ನ ಒಟ್ಟಿಗೆ ಫ್ರಾನ್ಸಿಗೆ ಬರ್ಬೇಕು ನೀನು."

ಚಹಾ ನೆತ್ತಿಗೇರಿತು. ಆಗ ಅವರು ಎಲ್ಲ ಹೇಳಿದರು. ಅವರಿಗೆ ಗ್ಲಾಕೋಮಾ. ದೃಷ್ಟಿ ಅಂಚಿನಿಂದ ಒಳಗೆ ಮುಚ್ಚುತ್ತಾ ಬರುತ್ತಿದೆ. ಪಕ್ಕದ್ದು ಕಾಣುವುದಿಲ್ಲ, ನೇರ ಎದುರಿನದು ಮಾತ್ರ ಒಂದು ಕಿಂಡಿಯಷ್ಟು ಕಾಣುತ್ತದೆ. ಔಷಧದ ಹನಿ ಬಿಟ್ಟುಕೊಂಡು ಇದ್ದದ್ದನ್ನು ಕೆಲವು ಕಾಲ ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಹಿಂದೆ ಅವರ ಜೊತೆ ಕೆಲಸಕ್ಕಿದ್ದ ಒಬ್ಬ ಫ್ರೆಂಚ್ ನರ್ಸು ತನ್ನ ಊರಿನ ಕಾಲುವೆಯ ಕಥೆ ಹೇಳಿದ್ದಳಂತೆ. ಕಾಲುವೆಯ ದಡದಲ್ಲಿ ಹಿಂದಿನ ಕಾಲದಲ್ಲಿ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ ಈಗ ಸೈಕಲಿನವರದು. ದಿನಗಟ್ಟಲೆ ತುಳಿದರೂ ಮೋಟಾರು ಗಾಡಿ ಎದುರಾಗುವುದಿಲ್ಲ. ದಾರಿಯುದ್ದಕ್ಕೂ ಹಳೇ ಮಠ, ಕಲ್ಲಿನ ಸೇತುವೆ, ಕೊನೆಗೆ ಒಂದು ಕೋಟೆಮನೆ.

"ಗಾಡಿ ಇರುವ ಕಡೆ ನನಗೆ ಇನ್ನು ಸೈಕಲ್ ಆಗುದಿಲ್ಲ. ಗಾಡಿ ಇಲ್ಲದ ಕಡೆ ಒಂದೇ ಒಂದು ಸಲ, ಕಣ್ಣು ಮುಚ್ಚುವ ಮೊದಲು. ಅಷ್ಟೇ ಆಸೆ."

ನಾನು ಆಗುವುದಿಲ್ಲ ಎಂದೆ. ಮರುದಿನವೂ ಹಾಗೆಯೇ ಎಂದೆ. ಆದರೆ ಅವರು ಮೆಟ್ಟಿಲು ಹತ್ತಿ ಹೋಗುವಾಗ ಕೈ ಗೋಡೆ ಸವರುವ ಸದ್ದು ಕೇಳಿ ಕೇಳಿ ನನಗೇ ತಡೆಯಲಾಗಲಿಲ್ಲ. ಮೂರನೇ ಸಲ ನಾನೇ ಮೇಲೆ ಹೋಗಿ, "ಮೊದಲು ಇಲ್ಲಿ ನೋಡುವಾ" ಎಂದೆ.

ಶುಕ್ರವಾರ ಬೆಳಗಿನ ನಮಾಜು ಮುಗಿದ ಮೇಲೆ ಊರು ಮತ್ತೆ ಮಲಗುತ್ತದೆ. ಆ ಹೊತ್ತಿಗೆ ನಮ್ಮವರು ಅಂಗಡಿಯ ಗಾಡಿಯಲ್ಲಿ ಎರಡು ಸೈಕಲ್ ಹಾಕಿ ನಮ್ಮನ್ನು ಊರ ಪಶ್ಚಿಮದ ವಾದಿಗೆ ಬಿಡುತ್ತಿದ್ದರು. ವಾದಿ ಎಂದರೆ ಬತ್ತಿದ ಹೊಳೆಯ ಕಣಿವೆ. ಅಲ್ಲಿ ನಡೆಯುವವರಿಗೂ ಸೈಕಲಿನವರಿಗೂ ದಾರಿ ಮಾಡಿದ್ದಾರೆ, ಖರ್ಜೂರದ ತೋಟ, ಅಲ್ಲಲ್ಲಿ ಕುಸಿದ ಮಣ್ಣಿನ ಗೋಡೆಯ ಹಳೇ ಮನೆಗಳು. ನಾನು ಅಬಾಯವನ್ನು ಮೊಣಕಾಲಿನ ಹತ್ತಿರ ಪಿನ್ನು ಹಾಕಿ ಕಟ್ಟಿ, ಬೆನ್ನಿಗೆ ಸಿಸ್ಟರಕ್ಕ ಕೊಟ್ಟ ಹಳದಿ ಜಾಕೆಟ್ ಹಾಕಿ ಮುಂದೆ ಹೋಗಬೇಕು. ಅವರ ಕಿಂಡಿಯಲ್ಲಿ ನನ್ನ ಬೆನ್ನು ಕಾಣುತ್ತಿರಬೇಕು, ಕಿವಿಗೆ ನನ್ನ ಬಾಯಿ ಕೇಳುತ್ತಿರಬೇಕು. ಹೋಗುತ್ತಾ ನಾನು ಕೂಗಬೇಕು: ಎಡಕ್ಕೆ ಕಲ್ಲು, ಎದುರು ಮಕ್ಕಳು, ಇಲ್ಲಿ ಮರಳು, ಸೀದಾ, ಸೀದಾ. ನಾನು ಹೆದರಿ ಬೆವರುತ್ತಿದ್ದೆ. ಅವರು ಹಿಂದಿನಿಂದ ಯಾವುದೋ ತುಳು ಹಾಡು ಗುನುಗುತ್ತಿದ್ದರು.

"ಬ್ರೇಕ್ ಹಿಡ್ಕೊಂಡೇ ತುಳಿತಿಯಲ್ಲ ಮಾರಾಯ್ತಿ, ಟಯರಿನ ಸದ್ದಿನಲ್ಲೇ ಗೊತ್ತಾಗ್ತದೆ" ಎಂದು ಬೈಯುತ್ತಿದ್ದರು. "ಹೆದರಿಕೆ ಇರ್ಲಿ, ಬೇಡ ಹೇಳುದಿಲ್ಲ. ಬೇಕಾದಾಗ ಒತ್ತು. ಯಾವಾಗಲೂ ಒತ್ತಬೇಡ."

ವಾದಿಯ ದಾರಿಯನ್ನು ಒಂದು ಕಡೆ ಡಾಂಬರು ರಸ್ತೆ ಅಡ್ಡ ಹಾಯುತ್ತದೆ. ಅಲ್ಲಿ ನಾನು ಮೊದಲು ದಾಟಿ, ಆಚೆ ನಿಂತು ಎರಡೂ ಕಡೆ ನೋಡಿ, ಸೀದಾ ಎಂದರೆ ಅವರು ದಾಟಬೇಕು. ಒಂದು ಶುಕ್ರವಾರ ನಾನು ಆಚೆ ಹೋಗಿ ತಿರುಗಿ ನೋಡುತ್ತೇನೆ, ಅವರ ಬಲಗಡೆಯ ತಿರುವಿನಿಂದ ಒಂದು ವನೆಟ್ ಧೂಳೆಬ್ಬಿಸಿಕೊಂಡು ಬರುತ್ತಿದೆ. ಪಿಕಪ್ ಗಾಡಿಗೆ ಇಲ್ಲಿ ವನೆಟ್ ಎನ್ನುತ್ತಾರೆ. ಹಿಂದೆ ತುಂಬಾ ಆಡುಗಳು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

"ಬಲ! ಬಲ! ಬಲ!"

ಸಿಸ್ಟರಕ್ಕ ನಿಲ್ಲಲಿಲ್ಲ. ಪೆಡಲು ಒತ್ತಿ ರಸ್ತೆಗೇ ಬಂದರು.

ನಾನು ಇನ್ನೂ ಜೋರಾಗಿ ಬಲ ಎಂದೆ. ಅವರು ಇನ್ನೂ ಜೋರಾಗಿ ತುಳಿದರು. ಬ್ರೇಕಿನ ಸದ್ದು, ಆಡುಗಳ ಅರಚಾಟ, ಧೂಳು. ಧೂಳು ಇಳಿಯುವ ತನಕ ನಾನು ಕಣ್ಣು ಬಿಡಲಿಲ್ಲ. ಬಿಟ್ಟಾಗ ವನೆಟ್ ರಸ್ತೆಗೆ ಅಡ್ಡವಾಗಿ ನಿಂತಿತ್ತು, ಅದರ ಮೂತಿಗೂ ಸಿಸ್ಟರಕ್ಕನ ಹಿಂದಿನ ಚಕ್ರಕ್ಕೂ ನಡುವೆ ಒಂದು ಆಡು ನಿಲ್ಲುವಷ್ಟೂ ಜಾಗವಿರಲಿಲ್ಲ. ಗಾಡಿಯಿಂದ ಇಳಿದ, ಮರುಭೂಮಿಯಲ್ಲಿ ಆಡು ಮೇಯಿಸುವ ಬದೂ ಮುದುಕ ಬೈಯುತ್ತಾನೆ ಎಂದುಕೊಂಡರೆ, ಪಾಪ, ಅವನೇ ನಮಗಿಂತ ಹೆಚ್ಚು ಹೆದರಿದ್ದ. ರಸ್ತೆಯ ಪಕ್ಕ ಕುಕ್ಕರಿಸಿ "ಯಾ ಲತೀಫ್, ಯಾ ಲತೀಫ್" ಎನ್ನುತ್ತಾ ದೇವರನ್ನು ಕರೆಯುತ್ತಿದ್ದ. ಆಮೇಲೆ ಅವನೇ ನಮಗೆ ನೀರಿನ ಬಾಟ್ಲಿ ತಂದುಕೊಟ್ಟ.

"ನಾನು ಬಲ ಬಲ ಅಂತ ಕೂಗ್ತಾ ಇದ್ದರೆ ನೀವು ಯಾಕೆ ಬಂದದ್ದು?" ಎಂದು ನಾನು ಅಳುತ್ತಾ ಕೇಳಿದೆ.

"ಬಲ ಅಂದ್ರೆ ಬರ್ಬೇಡ್ವಾ?"

"ಬಲ ಅಂದ್ರೆ ಬಲಗಡೆ ಗಾಡಿ!"

ಸಿಸ್ಟರಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ನಗಲಿಕ್ಕೆ ಶುರು ಮಾಡಿದವರು ನಿಲ್ಲಿಸಲಿಲ್ಲ. "ಅಯ್ಯೋ ದೇವರೇ. ತುಳುವಿನಲ್ಲಿ ಬಲ ಅಂದ್ರೆ ಬಾ ಅಂತ ಮಾರಾಯ್ತಿ. ನೀನು ಅಷ್ಟು ಪ್ರೀತಿಯಲ್ಲಿ ಬಾ ಬಾ ಅಂತ ಕರೆದಿ, ನಾನು ಬಂದೆ!"

ಅವರಿಗೆ ಕನ್ನಡದ ಬಲ ಗೊತ್ತಿಲ್ಲದೆ ಏನಲ್ಲ. ಆದರೆ ಗಾಬರಿಯಲ್ಲಿ ಕಿವಿಗೆ ಮೊದಲು ಬರುವುದು ಅಮ್ಮನ ಮಾತು. ನಾನು ಅವರ ಹಾಗೆ ನಗಲಾರದೆ ಹೋದೆ. ವಾರಗಟ್ಟಲೆ ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ ಆ ಬ್ರೇಕಿನ ಸದ್ದು ಕೇಳಿ ಕೈ ನಿಂತುಹೋಗುತ್ತಿತ್ತು. ಇನ್ನು ನಾನು ಬರುವುದಿಲ್ಲ ಎಂದುಬಿಟ್ಟೆ. ಅವರು ಒತ್ತಾಯ ಮಾಡಲಿಲ್ಲ. ಒಂದು ಸಂಜೆ ಬಂದು ಹೇಳಿದರು: "ಬಲ ಎಡ ಎರಡೂ ಬೇಡ. ಟ್ಯಾಕ್ಸಿಯವನಿಗೆ ಹೇಳ್ತೇವಲ್ಲ, ಯಮೀನ್, ಯಸಾರ್. ಅರಬ್ಬಿ ನಿನ್ನ ಅಮ್ಮನದೂ ಅಲ್ಲ, ನನ್ನ ಅಮ್ಮನದೂ ಅಲ್ಲ. ಗಲಾಟೆಯೇ ಇಲ್ಲ." ಆ ಶುಕ್ರವಾರ ನಾನು ಮತ್ತೆ ಹಳದಿ ಜಾಕೆಟ್ ಹಾಕಿದೆ. ಸೀದಾ ಮಾತ್ರ ಹಾಗೇ ಇರಲಿ ಎಂದಾಯಿತು. ಅದು ಇಲ್ಲಿಯ ಅರಬ್ಬಿಯಲ್ಲೂ ಸೀದಾ, ನಮ್ಮ ಕನ್ನಡದಲ್ಲೂ ಸೀದಾ.

ಅವರ ಕೆಲಸದ ಕೊನೆಯ ವರ್ಷದ ರಜೆಯಲ್ಲಿ ಹೊರಟೆವು. ಏರ್‌ಪೋರ್ಟಿನಲ್ಲಿ ನಮ್ಮವರು ನನ್ನ ಕಿವಿಯಲ್ಲಿ, "ಇಡೀ ಮಲಾಜ್‌ನಲ್ಲಿ ಇವರಿಗೆ ಸಿಕ್ಕಿದ್ದು ನೀನೊಬ್ಬಳೇ?" ಎಂದರು. ನನಗೂ ಅದೇ ಪ್ರಶ್ನೆ ಇತ್ತು.

ಕಾಲುವೆಯ ದಾರಿ ಅವರು ಹೇಳಿದ ಹಾಗೆಯೇ ಇತ್ತು. ಒಂದು ಗಾಡಿಯಿಲ್ಲ, ಒಂದು ಹಾರ್ನ್ ಇಲ್ಲ. ದೊಡ್ಡ ಮರಗಳು ಎರಡೂ ದಡದಿಂದ ಬಗ್ಗಿ ನೆರಳು ಹಾಕಿದ್ದವು. ಬಾಡಿಗೆಯ ಸೈಕಲ್, ಹಿಂದಿನ ಚೀಲದಲ್ಲಿ ಅವಲಕ್ಕಿ, ಮಿಡಿ ಉಪ್ಪಿನಕಾಯಿ. ಎಲ್ಲರೂ ಇದನ್ನು ಸ್ವರ್ಗ ಎಂದಾರು. ನನ್ನ ಕಣ್ಣಿಗೆ ಬಿದ್ದದ್ದು ಎಡಗಡೆಯ ನೀರು. ದಾರಿಯ ಅಂಚಿಗೇ ನೀರು, ಬೇಲಿಯಿಲ್ಲ, ಕಟ್ಟೆಯಿಲ್ಲ, ಹಸಿರು ಬಣ್ಣಕ್ಕೆ ತಿರುಗಿದ ಆಳ. ಸಿಸ್ಟರಕ್ಕನಿಗೆ ಈಜು ಬಾರದು. ನನಗೆ ಬಂದರೂ ಆ ಗಾಬರಿಯಲ್ಲಿ ಕೈಕಾಲು ಆಡೀತೇ? ಗಾಡಿಯಿಂದ ತಪ್ಪಿಸಿಕೊಂಡು ಬಂದು ನೀರಿನ ಬಾಯಿಗೆ ಬಿದ್ದೆವಲ್ಲ ಎಂದುಕೊಂಡು ನಾನು ಬಾಯಿ ಮುಚ್ಚದೆ ಕೂಗುತ್ತಾ ಹೋದೆ. ಯಮೀನ್, ಯಮೀನ್, ಬೇರು ಇದೆ, ಯಮೀನ್, ಒದ್ದೆ ಎಲೆ, ಸೀದಾ. ಒಂದು ಊರಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಮುದುಕನೊಬ್ಬ ಎದ್ದು ನಿಂತು ಅರಬ್ಬಿಯಲ್ಲಿ ಸಲಾಂ ಹೇಳಿದ. ಅಲ್ಜೀರಿಯಾದವನಂತೆ. ಈ ಕಾಲುವೆಯಲ್ಲಿ ಯಮೀನ್ ಎಂದು ಕೂಗಿದವರನ್ನು ತಾನು ಈ ತನಕ ಕೇಳಿರಲಿಲ್ಲ ಎಂದು ಪುದೀನ ಹಾಕಿದ ಚಹಾ ಕುಡಿಸಿಯೇ ಕಳಿಸಿದ.

ಕೋಟೆಮನೆಗೆ ಇನ್ನು ಸ್ವಲ್ಪವೇ ದೂರ ಎನ್ನುವಾಗ ಒಂದು ತಗ್ಗಿನ ಕಲ್ಲುಸೇತುವೆ ಬಂತು. ದಾರಿ ಅದರ ಕೆಳಗೆ ಹಾಯುತ್ತದೆ, ಸಪೂರವಾಗಿ, ನೀರಿಗೆ ಅಂಟಿಕೊಂಡು. ನಾನು ಒಳಗೆ ಹೋದೆ. ಹಿಂದಿನಿಂದ ಸದ್ದಿಲ್ಲ. ತಿರುಗಿದರೆ ಸಿಸ್ಟರಕ್ಕ ನಡುವೆ ಒಂದು ಕಾಲು ಊರಿ ನಿಂತಿದ್ದಾರೆ. ಬಿಸಿಲಿನಿಂದ ಕತ್ತಲೆಗೆ ಬಂದೊಡನೆ ಅವರ ಕಿಂಡಿಯೂ ಮುಚ್ಚಿಹೋಗಿತ್ತು.

"ನೀನು ಕಾಣುದಿಲ್ಲ," ಎಂದರು. ಆಮೇಲೆ, ನಾನು ಅವರ ಬಾಯಿಂದ ಒಮ್ಮೆಯೂ ಕೇಳದ ಸ್ವರದಲ್ಲಿ, "ನನಗೆ ಹೆದರಿಕೆ ಆಗ್ತದೆ" ಎಂದರು.

ಅವರ ಊರಿದ ಕಾಲು ದಾರಿಯ ಅಂಚಿನಲ್ಲಿತ್ತು. ಹಿಮ್ಮಡಿ ಕಲ್ಲಿನ ಮೇಲೆ, ಬೆರಳು ಗಾಳಿಯಲ್ಲಿ. ಕೂಗಿದರೆ ಬೆಚ್ಚಿ ಬೀಳುತ್ತಾರೆ. ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಪಿಸುಮಾತಿನಲ್ಲಿ ಯಮೀನ್ ಯಮೀನ್ ಎನ್ನುತ್ತಾ ಹತ್ತಿರ ಹೋಗಿ ಅವರ ಜಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆಗೆ ಎಳೆದೆ. ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ನಿಂತೆವು. ಅವರ ಎದೆ ಬಡಿಯುವುದು ನನ್ನ ತೋಳಿಗೆ ತಿಳಿಯುತ್ತಿತ್ತು. ಆಶ್ಚರ್ಯವೆಂದರೆ ಆ ಹೊತ್ತಿನಲ್ಲಿ ನಾನು ಏನು ಮಾಡಬೇಕು ಎಂಬುದು ನನಗೆ ಗೊತ್ತಿತ್ತು.

ಕೋಟೆಮನೆಯನ್ನು ಅವರು ಒಟ್ಟಿಗೆ ನೋಡಲಾರದೆ ಹೋದರು. ಒಂದು ಗೋಪುರ, ಒಂದು ಕಿಟಕಿ, ಕಂದಕದ ಹಂಸ, ಹೀಗೆ ತುಂಡು ತುಂಡಾಗಿ ಕುತ್ತಿಗೆ ತಿರುಗಿಸಿ ನೋಡಿದರು. "ಇನ್ನು ನೀನು ಹೇಳು, ಜೋಡಿಸಿ" ಎಂದರು. ನಾನು ಹೇಳಿದೆ. ಗೋಪುರಗಳು ಎಷ್ಟು, ಯಾವುದು ಮುರಿದಿದೆ, ಯಾವ ಮೆಟ್ಟಿಲು ಜಾರುತ್ತದೆ. ಜಾರುವ ಮೆಟ್ಟಿಲಿನ ಮಾತಿಗೆ ಅವರು ತುಂಬಾ ನಕ್ಕರು.

ವಾಪಸು ಬಂದ ಕೆಲವೇ ತಿಂಗಳಲ್ಲಿ ಅವರು ಕೆಲಸ ಬಿಟ್ಟು, ವಾಸದ ಪರವಾನಗಿ ಇಕಾಮಾ ಒಪ್ಪಿಸಿ, ಮುಲ್ಕಿಗೆ ತಮ್ಮನ ಮನೆಗೆ ಹೋದರು. ಅಲ್ಲಿ ಕಣ್ಣು ಪೂರ್ತಿ ಹೋಯಿತು. ಫೋನಿನಲ್ಲಿ ಮಾತ್ರ ಅದೇ ಸ್ವರ. ಕಳೆದ ರಂಜಾನಿನಲ್ಲಿ ನಾನು ಇಫ್ತಾರಿಗೆ ಹಣ್ಣು ಹೆಚ್ಚುತ್ತಿದ್ದಾಗ ಅವರು ಮಾತಾಡುತ್ತಾ ಮಾತಾಡುತ್ತಾ ಹೇಳಿದರು.

"ಈಗ ಹೇಳಬಹುದು ನಿನಗೆ. ಕಾಲುವೆಯಲ್ಲಿ ನನ್ನ ಎಡಗಣ್ಣು ಇರ್ಲೇ ಇಲ್ಲ. ಹೋಗುವ ಮೊದಲೇ ಪೂರ್ತಿ ಹೋಗಿತ್ತು. ನೀರು ನಾನು ನೋಡಲೇ ಇಲ್ಲ ಮಾರಾಯ್ತಿ, ನೀನು ಹೇಳಿದ್ದು ಮಾತ್ರ ಗೊತ್ತು."

ಚಾಕು ಕೆಳಗಿಟ್ಟೆ. ಆ ಒಂದು ವಾರ ಅವರ ಚಕ್ರ ನೀರಿನಿಂದ ಒಂದು ಗೇಣು ದೂರದಲ್ಲಿ, ನನ್ನ ಬಾಯಿಯ ಭರವಸೆಯ ಮೇಲೆ ಉರುಳಿತ್ತು. ನಾನು ನೆಲಕ್ಕೇ ಕುಳಿತುಬಿಟ್ಟದ್ದು ಈಗ, ಮಲಾಜ್‌ನ ಅಡುಗೆಮನೆಯಲ್ಲಿ. "ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ನೀನು ಬರ್ತಿದ್ದಿಯಾ?"

"ಇಲ್ಲ."

"ಮತ್ತೆ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಷ್ಟೊಂದು ಜನ ಗಟ್ಟಿಗಿತ್ತಿ ನರ್ಸುಗಳು ಗೊತ್ತಿದ್ದೂ ಈ ಪುಕ್ಕಲಿಯೇ ಯಾಕೆ ಬೇಕಿತ್ತು ಎಂದು ಕೇಳಿಯೇಬಿಟ್ಟೆ.

"ಧೈರ್ಯದವರು ದಾರಿ ನೋಡುದಿಲ್ಲ," ಎಂದರು ಸಿಸ್ಟರಕ್ಕ. "ಎಲ್ಲ ಸರಿ ಉಂಟು, ಬನ್ನಿ ಬನ್ನಿ ಅಂತಾರೆ. ನೀನು ಒಂದು ಕಲ್ಲು ಬಿಡುದಿಲ್ಲ, ಒಂದು ಒದ್ದೆ ಎಲೆ ಬಿಡುದಿಲ್ಲ. ನಿನ್ನಷ್ಟು ಹೆದರುವವಳು ನನಗೆ ಮತ್ತೆಲ್ಲಿ ಸಿಗ್ತಾಳೆ?"

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅವರ ತಮ್ಮನ ಮಗಳ ಫೋನು ಬಂತು. ನಿದ್ದೆಯಲ್ಲೇ ಹೋದರಂತೆ. ನಾನು ನಮಾಜಿನ ಚಾಪೆಯ ಮೇಲೆ ಕುಳಿತು ಅವರಿಗಾಗಿ ಬೇಡಿಕೊಂಡೆ. ಹುಟ್ಟಿದಂದಿನಿಂದ ಅಪ್ಪ, ಅಣ್ಣ, ಗಂಡ, ಎಲ್ಲರೂ ಹೆದರಬೇಡ ಎಂದೇ ಹೇಳಿಕೊಂಡು ಬಂದಿದ್ದಾರೆ. ಹೆದರು, ಹೆದರಿ ನನಗೆ ಹೇಳು ಎಂದವರು ಅವರೊಬ್ಬರೇ. ಈಗಲೂ ನಾನು ಅಷ್ಟೇ ಹೆದರುತ್ತೇನೆ, ಕೇಳುವವರಿಲ್ಲ.