ನಂಬರ್ ಕಾಣುವ ಗ್ರೂಪು

“ಪಾಠ ಫೋನಿನ್ಯಾಗ ಒಗೀರಿ ಮೇಡಂ, ಬಸ್ಸಿನ್ಯಾಗ ಬಂದು ಬಂದು ಸಾಕಾಗ್ಯಾದ” ಎಂದಳು ದೇವದುರ್ಗದ ಸಾವಿತ್ರಿ. ನಾನು ರಾಯಚೂರಿಗೆ ಬಂದು ವಾರವೂ ಆಗಿರಲಿಲ್ಲ. ಕಣ್ಣು ಕಣ್ಣು ಬಿಟ್ಟೆ. ತುಮಕೂರಿನಲ್ಲಿ ನಾವು ಒಗೆಯುವುದು ಬಟ್ಟೆಯನ್ನು. ಇಲ್ಲಿ ಒಗೆಯುವುದೆಂದರೆ ಎಸೆಯುವುದು, ಕಳಿಸುವುದು, ಕಿತ್ತು ಬಿಸಾಡುವುದು, ಎಲ್ಲವೂ!

ಇಲ್ಲಿನ ಕೇಂದ್ರದಲ್ಲಿ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಸಾವಿತ್ರಿಯ ಮಗಳು ರೇಣುಕಾಗೆ ನಾಲ್ಕು ವರ್ಷ. ಕಿವಿಗೆ ಮಷಿನ್ ಹಾಕಿದ್ದರೂ ಒಂದು ಮಾತೂ ಬಂದಿರಲಿಲ್ಲ. ದಿನವೂ ಅಭ್ಯಾಸ ನಡೆಯದಿದ್ದರೆ ಮಾತು ಕಲಿಯುವ ವಯಸ್ಸೇ ದಾಟಿಹೋಗುತ್ತದೆ. ದೇವದುರ್ಗ, ಮಾನ್ವಿಗಳಿಂದ ತಾಯಂದಿರು ವಾರಕ್ಕೊಮ್ಮೆ ಬಂದರೆ ಅದೇ ಹೆಚ್ಚು. ಅವರಿಗೊಂದು ಗ್ರೂಪ್ ಬೇಕೇ ಬೇಕಿತ್ತು.

ಯಾವ ಆ್ಯಪ್‌ನಲ್ಲಿ? ಎಲ್ಲರ ಫೋನಿನಲ್ಲೂ ಇದ್ದದ್ದು ಹಸಿರು ಬಣ್ಣದ್ದು. ಅದರಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ನೀಲಿ ಬಣ್ಣದ ಇನ್ನೊಂದರಲ್ಲಿ ನಂಬರ್ ಮುಚ್ಚಿಡಬಹುದು, ತಡವಾಗಿ ಸೇರಿದವರಿಗೂ ಹಳೆಯ ಪಾಠದ ವಿಡಿಯೊ ಸಿಗುತ್ತದೆ. ಹೆಂಗಸರ ನಂಬರ್ ಕಂಡಕಂಡವರಿಗೆ ಸಿಗಬಾರದೆಂದು ನೀಲಿಯನ್ನೇ ಹಿಡಿದೆ. ಒಬ್ಬೊಬ್ಬರ ಫೋನಿಗೂ ನಾನೇ ಹಾಕಿಕೊಟ್ಟು, ಘನಕಾರ್ಯ ಮಾಡಿದವಳಂತೆ ಬೀಗಿದೆ. ಪರಿಚಯದವರಿಲ್ಲದ ಊರಿನಲ್ಲಿ ಅದೊಂದೇ ನನ್ನ ಸಡಗರ.

ಹತ್ತು ದಿನವಾದರೂ ಒಬ್ಬರೂ ವಿಡಿಯೊ ತೆರೆಯಲಿಲ್ಲ. ಸಾವಿತ್ರಿ ಕೇಂದ್ರಕ್ಕೂ ಬರಲಿಲ್ಲ. ಮೈಯೆಲ್ಲ ಉರಿದು, ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ.

“ನಾನ ಒಗದೀನ್ರಿ ಅದನ್ನ” ಎಂದ ಅವಳ ಗಂಡ ಬಸವರಾಜ, ಬಾಗಿಲಲ್ಲೇ. “ನಂಬರ್ ಕಾಣಂಗಿಲ್ಲ, ಯಾರಂತ ತಿಳ್ಯಂಗಿಲ್ಲ. ಕದ್ದು ಮಾತಾಡೋ ಆ್ಯಪ್ ನಮ್ಮ ಮನ್ಯಾಗ ಯಾಕ್ರಿ?”

ತುಮಕೂರಿನ ನಮ್ಮ ಮನೆಯಲ್ಲಿ ಫೋನು ಒಬ್ಬೊಬ್ಬರದು, ಇಲ್ಲಿ ಅದು ಇಡೀ ಮನೆಯದು. ಹೆಂಗಸರ ಕಾವಲಿಗೆಂದು ನಾನು ಮುಚ್ಚಿದ್ದು ಇವರ ಕಣ್ಣಿಗೆ ಕಳ್ಳತನವಾಗಿತ್ತು. ಮಾನ್ವಿಯ ಮನೆಗಳಲ್ಲೂ ಹೀಗೇ ಆಗಿದೆಯೆಂದು ಆಮೇಲೆ ತಿಳಿಯಿತು.

ಸಾವಿತ್ರಿ ಒಳಗಿಂದ ಬಂದವಳೇ ಗಂಡನ ಕೈಯಿಂದ ಫೋನ್ ತೆಗೆದುಕೊಂಡಳು.

“ಹಸರದ್ರಾಗ ಮಾಡ್ರಿ ಮೇಡಂ. ನಂಬರ್ ಕಂಡ್ರ ಕಾಣ್ಲಿ. ಯಾವನರ ಸುಮ್ಮಸುಮ್ಮನ ಫೋನ್ ಹಚ್ಚಿದ್ರ ಅವನ ಹೆಸರು ಎಲ್ಲಾರ ಮುಂದ ಒಗೀತೀನಿ. ಮುಚ್ಚಿಟ್ಕೊಳ್ಳಾಕ ನಾ ಏನ್ ಕಳ್ಳಿ ಏನ್ರಿ?” ಗಂಡನತ್ತ ತಿರುಗಿದಳು. “ನಿಮ್ಮ ಮಗಳು ಮಾತಾಡೋದು ಬ್ಯಾಡೇನು?”

ಬಸವರಾಜ ಬಾಗಿಲಿನಿಂದ ಸರಿದು ನನಗೆ ಒಳಗೆ ದಾರಿ ಬಿಟ್ಟ.

ನೀಲಿ ಗ್ರೂಪ್ ಮುಚ್ಚಿದೆ. “ನಾಳೆ ಏನಾದರೂ ಆದರೆ ನೀವೇ ಹೊಣೆ” ಎಂದರು ಕೇಂದ್ರದ ನಮ್ಮ ಹಿರಿಯರು. “ಆಗಲಿ ಸರ್, ನಾನೇ” ಎಂದು, ಹಸಿರು ಗ್ರೂಪಿಗೆ ಮೊದಲು ನನ್ನ ಸ್ವಂತ ನಂಬರನ್ನೇ ಹಾಕಿ, ಆ ಹಿರಿಯರನ್ನೂ ಸೇರಿಸಿದೆ.

ಎರಡು ತಿಂಗಳಿಗೆ ಸಾವಿತ್ರಿಯ ವಿಡಿಯೊ ಬಂತು. ರೇಣುಕಾ ತಾಯಿಯ ಗಲ್ಲ ಹಿಡಿದು, ತುಟಿಯನ್ನೇ ನೋಡಿ, “ಅವ್ವ” ಎಂದಿದ್ದಳು. ನಾನು ಅತ್ತೇಬಿಟ್ಟೆ. ಅಷ್ಟರಲ್ಲಿ ಹಿರಿಯರ ಮೆಸೇಜು: “ಪಾಠದಲ್ಲಿ ‘ಅಮ್ಮ’ ಇದೆ. ತಿದ್ದಿಸಿ.”

ಹೌದು, ಆ ಪಾಠ ಬರೆದವಳು ನಾನೇ, ನಮ್ಮೂರ ಬಾಯಲ್ಲಿ. “ಮಗು ಸರಿಯಾಗಿಯೇ ಹೇಳಿದೆ, ತಿದ್ದುವುದಿಲ್ಲ” ಎಂದು ಎಲ್ಲರಿಗೂ ಕಾಣುವಂತೆ ಬರೆದೆ. ಪಾಠವನ್ನೇ ಬದಲಿಸಿದೆ.

ಆಮೇಲೆ ತುಮಕೂರಿಗೆ ಫೋನ್ ಹಚ್ಚಿದೆ. ಆ ಕಡೆಯ ದನಿ ಕೇಳಿದ್ದೇ ತಡ, ನನ್ನ ಬಾಯಿಂದ ಬಂದದ್ದು “ಅಮ್ಮಾ”.