ಹೋದ ಎರಡಕ್ಕೆ ಇರುವ ಎರಡು

ನನ್ನ ಅಕ್ಕನ ಮುಂದಿನ ಎರಡು ಹಲ್ಲು ಉದುರಿಸಿದ್ದು ಒಂದು ಕರು.

ಹೊನ್ನವಳ್ಳಿಯ ಮನೆಯ ಕೊಟ್ಟಿಗೆಯಲ್ಲಿ ಅಕ್ಕ ಬಗ್ಗಿ ಹಗ್ಗ ಬಿಚ್ಚುತ್ತಿದ್ದಳು. ತಾಯಿಯ ಹತ್ತಿರ ಓಡುವ ಅವಸರದಲ್ಲಿ ಅದು ತಲೆ ಎತ್ತಿತು. ಅಷ್ಟೇ. (ಕರು ಕ್ಷೇಮವಾಗಿದೆ.)

ಅಕ್ಕ ಸೋಬಾನೆ ಹಾಡುವವಳು. ಸುತ್ತಿನ ಮದುವೆಗಳಲ್ಲಿ ಅವಳು ಶುರು ಮಾಡದೆ ಯಾರೂ ಆರತಿ ಎತ್ತುವುದಿಲ್ಲ. ಹಲ್ಲು ಹೋದ ಮೇಲೆ ಮದುವೆಗಳನ್ನೇ ಬಿಟ್ಟಳು. ಮನೆಗೆ ಬಂದವರ ಹತ್ತಿರವೂ ಬಾಯಿಗೆ ಸೆರಗು ಹಿಡಿದೇ ಮಾತು. ಭಾವನದು ಒಂದೇ ರಾಗ: "ಐವತ್ತಾಯ್ತು. ಇನ್ಯಾರು ನೋಡ್ಬೇಕು, ಬುಡು."

ನಾಲ್ಕು ತಿಂಗಳಾದ ಮೇಲೆ ನಾನೇ ಅವಳನ್ನು ತಿಪಟೂರಿಗೆ, ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ನಿಧಾನವಾಗಿ ವಿವರಿಸಿದರು. ಒಂದು, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್. ಇನ್ನೊಂದು, ಬ್ರಿಡ್ಜ್. ಇದು ಕದಲುವುದಿಲ್ಲ. ಆದರೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ತೇಯ್ದು, ಕ್ಯಾಪ್ ಹಾಕಿ, ಹೊಸ ಹಲ್ಲುಗಳನ್ನು ಅವಕ್ಕೆ ಕಟ್ಟಬೇಕು.

"ದೊಡ್ಡ ಊರುಗಳಲ್ಲಿ ದವಡೆ ಮೂಳೆಗೇ ಸ್ಕ್ರೂ ಹಾಕಿ ಹಲ್ಲು ಕೂರಿಸ್ತಾರೆ. ನಾನು ಪುಸ್ತಕದಲ್ಲಿ ನೋಡಿದೀನಿ, ಅಷ್ಟೇ" ಎಂದರು. (ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ.)

ಅಕ್ಕ ಕೇಳಿದಳು: "ಹೋಗಿರೋ ಎರಡಕ್ಕೆ ಇರೋ ಎರಡನ್ನ ತೇಯ್ತೀರಾ ಡಾಕ್ಟ್ರೇ? ಅವೇನು ತಪ್ಪು ಮಾಡಿದ್ವು?"

ಕಾಲೇಜಿನಲ್ಲಿ ಅವರಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಸೆಟ್ಟಿನ ಪರ. "ಸೆಟ್ಟೇ ಸಾಕು ಕಣಕ್ಕ. ಚೆನ್ನಾಗಿರೋ ಹಲ್ಲಿಗೆ ಯಾಕೆ ಕೈ ಹಾಕಿಸ್ಬೇಕು?"

ಅಕ್ಕ ಮೇಜಿನ ಮೇಲಿದ್ದ ಸೆಟ್ಟಿನ ಮಾದರಿಯನ್ನೇ ನೋಡುತ್ತಿದ್ದಳು. "ಹಾಡೋವಾಗ ಇದು ಬಿದ್ರೆ?"

"ಬೀಳಲ್ಲಮ್ಮ. ಮೊದಮೊದಲು ಸ್ವಲ್ಪ ಅಲ್ಲಾಡ್ಬೋದು" ಎಂದರು ಡಾಕ್ಟರು.

ಅವಳು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಬಿದ್ದೋಗ್ತದೇನೋ ಅಂತ ಹೆದರ್ಕೊಂಡು ಹಾಡಕ್ಕಾಗ್ತದೇನೋ?" ಆಮೇಲೆ ಕುರ್ಚಿಗೆ ಒರಗಿ, ಸೆರಗು ಕೆಳಗಿಳಿಸಿ ಬಾಯಿ ತೆರೆದಳು. "ತೇಯ್ರಿ ಡಾಕ್ಟ್ರೇ."

ಹಲ್ಲಿರುವುದು ಬರೀ ಅಗಿಯುವುದಕ್ಕೆ ಎಂದು ನಮಗೆಲ್ಲ ಹೇಳಿಕೊಟ್ಟವರು ಯಾರು?

ನಾಲ್ಕು ಸಲ ಬಸ್ಸು ಹತ್ತಿಳಿದ ಮೇಲೆ ಬ್ರಿಡ್ಜ್ ಕೂತಿತು. ಹೋದ ವಾರ ಹಾಲ್ಕುರಿಕೆಯಲ್ಲಿ ನೆಂಟರ ಮದುವೆ. ಅಕ್ಕ ಹಾಡಿದಳು. ಮೊದಲ ಸಾಲು ಅಳುಕುತ್ತಾ, ಎರಡನೆಯದು ಚಪ್ಪರದಾಚೆಗೂ ಕೇಳುವಂತೆ. ಹೆಂಗಸರೆಲ್ಲ ದನಿಗೂಡಿಸಿದರು.

ಪಕ್ಕದಲ್ಲಿ ಕೂತಿದ್ದ ಭಾವ ನನ್ನ ಕಿವಿಯ ಹತ್ತಿರ ಬಗ್ಗಿದರು. "ಅಲ್ಲ ಕಣಪ್ಪಾ, ಇವಳು ಇಷ್ಟು ದಿನ ಯಾಕೆ ಹಾಡ್ತಿರಲಿಲ್ಲ?"

ಹಲ್ಲಿಗೇನೋ ಡಾಕ್ಟರಿದ್ದಾರೆ. ಇದನ್ನು ಯಾರಿಗೆ ತೋರಿಸೋಣ?