ಕೃಷ್ಣಾಜಿಯ ನಾಲಿಗೆ, ಅಳಿಯನ ಸಿಗಾರ್

ಜಮಖಂಡಿಯ ಪೇಟೆಯಲ್ಲಿ ತಂಬಾಕಿನ ಮಾತು ಬಂದರೆ ಕೃಷ್ಣಾಜಿಯ ಹೆಸರು ಬರುತ್ತಿತ್ತು. ಅಪ್ಪನ ಕಾಲದ ಅಂಗಡಿ. ಎಲೆಯನ್ನು ಬೆರಳಲ್ಲಿ ಮುರಿದು ಮೂಸಿ, ಚೂರು ನಾಲಿಗೆಗಿಟ್ಟು ಅವರು "ಛಲೋ ಐತಿ" ಎಂದರೆ ಸಾವಳಗಿಯ ಬಸಗೊಂಡಪ್ಪನಂಥ ಹಳೆಯ ಗಿರಾಕಿಗಳು ಮರುಮಾತಾಡದೆ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಹೋದ ವರ್ಷ ತಂಗಿಯ ಮಗ ನಂದಕಿಶೋರ ಎದುರು ಸಾಲಿನಲ್ಲೇ ಅಂಗಡಿ ತೆರೆದ. ಗೋವಾದಿಂದ ಹೊರದೇಶದ ಸಿಗಾರ್ ತರಿಸಿದ. ತೀರಾ ದುಬಾರಿಯವಲ್ಲ, ಇಲ್ಲಿಯ ಮಂದಿ ಮನಸ್ಸು ಮಾಡಿದರೆ ಕೊಳ್ಳಬಹುದಾದಂಥವು. ಭಾನುವಾರ ಸಂಜೆ ಕುರ್ಚಿ ಹಾಕಿ, ಹೊಗೆ ನುಂಗದೆ ಬಾಯಲ್ಲೇ ಆಡಿಸುವುದು ಹೇಗೆಂದು ತೋರಿಸುತ್ತಿದ್ದ. ಸಕ್ಕರೆ ಕಾರ್ಖಾನೆಯ ಸಾಹೇಬರೂ ಬಂದು ಕೂರತೊಡಗಿದರು. ಕೃಷ್ಣಾಜಿ ಗಲ್ಲಾದ ಹಿಂದೆ ಕುಳಿತು ಆ ಕುರ್ಚಿಗಳನ್ನೇ ನೋಡುತ್ತಿದ್ದರು. ಒಂದು ಭಾನುವಾರ ಅಲ್ಲಿ ಬಸಗೊಂಡಪ್ಪನೂ ಕಂಡ. ಅವತ್ತು ಅವರಿಗೆ ಊಟ ಸೇರಲಿಲ್ಲ.

"ಸ್ವಂತ ತಂಗಿ ಮಗ ಅದಾನ್ರೀ ಅಂವ. ನಾಕು ಮಂದಿ ಬಂದ್ರ ನಿಮಗ್ಯಾಕ ಸಂಕಟ?" ಎಂದು ಹೆಂಡತಿ ಕಾಶೀಬಾಯಿ ಕೇಳಿದರು. ಕೃಷ್ಣಾಜಿ ತಾಟು ಸರಿಸಿ ಎದ್ದರು.

ಮುಂದಿನ ಭಾನುವಾರ ನಂದಕಿಶೋರನೇ ಕರೆಯಲು ಬಂದ. "ಮಾಮಾ, ಹೊಸಾ ಮಾಲು ಬಂದೈತಿ. ನೀವು ರುಚಿ ನೋಡಿ ಹೂಂ ಅಂದ್ರ ಇಡ್ತೇನಿ, ಇಲ್ಲಂದ್ರ ವಾಪಸ್ ಕಳಸ್ತೇನಿ."

ಕೃಷ್ಣಾಜಿ ಹೋಗಿ ಗಿರಾಕಿಗಳ ನಡುವೆ ಕುಳಿತು ಒಂದು ಸಿಗಾರ್ ಹಚ್ಚಿದರು. ಮೊದಲು ಒಣ ಕಟ್ಟಿಗೆಯ ಘಾಟು. ಆಮೇಲೆ ಹುರಿದ ಶೇಂಗಾ. ಅರ್ಧಕ್ಕೆ ಬರುವ ಹೊತ್ತಿಗೆ ಆಗಷ್ಟೇ ಕೊಪ್ಪರಿಗೆಯಿಂದ ಇಳಿಸಿದ ಬೆಲ್ಲದ ಸವಿ. ಬೂದಿ ಉದುರದೆ ಬೆಳ್ಳಗೆ ನಿಂತಿತ್ತು. ಇಂಥ ಬೆಲೆಗೆ ಇಂಥ ಎಲೆಯನ್ನು ತಾವು ಯಾರಿಗೂ ಕೊಟ್ಟಿಲ್ಲ ಅನಿಸಿತು. ಅನಿಸಿದ್ದೇ ತಡ, ಎದೆಯಲ್ಲಿ ಕಿಚ್ಚೆದ್ದಿತು.

ಅವರು ಸೇದಿ ಮುಗಿಸುವುದನ್ನೇ ಕಾಯುತ್ತಿದ್ದ ಬಸಗೊಂಡಪ್ಪ, "ಹೆಂಗೈತ್ರಿ?" ಎಂದ.

"ಎಲಿ ಹದ ಆಗಿಲ್ಲ. ಬಾಯೆಲ್ಲ ಕಹಿ ಆತು."

ಬಸಗೊಂಡಪ್ಪ ಕೈಯಲ್ಲಿದ್ದ ಸಿಗಾರನ್ನು ಆರಿಸಿ ಇಟ್ಟ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ನಂದಕಿಶೋರ ವಾಪಸ್ ಕಳಿಸಲು ಪೆಟ್ಟಿಗೆಗಳನ್ನು ಕಟ್ಟತೊಡಗಿದ.

ಗೆದ್ದೆನೆಂದುಕೊಂಡೇ ಕೃಷ್ಣಾಜಿ ಮನೆಗೆ ಬಂದರು. ಮರುದಿನ ಬಸಗೊಂಡಪ್ಪ ಅಂಗಡಿಗೆ ಬಂದು, ಎಲೆಯೊಂದನ್ನು ಎತ್ತಿ ಹಿಡಿದು ಹೇಗಿದೆಯೆಂದು ಕೇಳಿದಾಗ ಮಾತ್ರ, ನಿನ್ನೆ ಸುಳ್ಳಾಡಿದ ನಾಲಿಗೆಯಿಂದಲೇ "ಛಲೋ ಐತಿ" ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. ಅವನನ್ನೂ ಕರೆದುಕೊಂಡು ರಸ್ತೆ ದಾಟಿದರು.

"ನಂದ್ಯಾ, ಆ ಪೆಟಗಿ ಕಳಸಬ್ಯಾಡ. ಮಾಲು ಛಲೋ ಐತಿ. ನಿನ್ನ ಅಂಗಡ್ಯಾಗ ಮಂದಿ ಕುಂತದ್ದು ನೋಡಿ ಹೊಟ್ಟಿ ಉರೀತು, ಸುಳ್ಳು ಹೇಳಿದೆ."

"ಗೊತ್ತಿತ್ತು ಮಾಮಾ. ಕಹಿ ಅಂದ್ರಿ ಖರೆ, ಬೆರಳು ಸುಡೂತನಕಾ ಬಿಡಲಿಲ್ಲ ನೀವು."

"ಮತ್ತ ಯಾಕ ಕಟ್ಟಿದಿ?"

"ನಿಮಗ ಮಾತು ಕೊಟ್ಟಿದ್ನಲ್ಲ."

ಕೃಷ್ಣಾಜಿ ತಲೆ ತಗ್ಗಿಸಿದರು. ಬಸಗೊಂಡಪ್ಪ ತಾನೇ ಪೆಟ್ಟಿಗೆಯ ದಾರ ಬಿಚ್ಚಿದ.

ಈಗ ಭಾನುವಾರ ಆ ಕುರ್ಚಿಗಳ ನಡುವೆ ಕೃಷ್ಣಾಜಿಯೂ ಇರುತ್ತಾರೆ. ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ. ಯಾರಾದರೂ ನಂದಕಿಶೋರನನ್ನು ಹೊಗಳಿದರೆ, ಅಂಗಡಿಯಲ್ಲಿ ಕೆಲಸವಿದೆ ಎಂದು ಎದ್ದು ಬರುತ್ತಾರೆ.